ಎರಡೂಮುಕ್ಕಾಲು ಇಂಚಿನ ಹೆಬ್ಬೆರಳು

"ನಿಮ್ಮ ಮಗಳ ತೋಳು ಕತ್ತರಿಸಿದ್ದೀನಿ. ಸಂಜೆ ಐದಕ್ಕೆ ಬನ್ನಿ."

ಇಂಥ ಮೆಸೇಜು ಬಂದರೆ ಯಾವ ತಾಯಿಯ ಎದೆ ತಾನೇ ಧಸಕ್ಕೆನ್ನುವುದಿಲ್ಲ? ಪಿಟೀಲು ಕಲಿಸುವ ಟೀಚರಮ್ಮ ಒಂದೊಂದು ಕಾಲಿಗೆ ಒಂದೊಂದು ಥರದ ಚಪ್ಪಲಿ ಸಿಕ್ಕಿಸಿಕೊಂಡು ಎರಡು ಬೀದಿ ಓಡಿಬಂದು, ಟೈಲರಿಂಗ್ ಅಂಗಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಒಳಗೆ ಮಗಳು ಸ್ಟೂಲಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಎರಡು ತೋಳೂ ಇದ್ದ ಜಾಗದಲ್ಲೇ ಇದ್ದವು.

"ಕೋಟಿನ ತೋಳು ಟೀಚರ್, ಕೋಟಿಂದು!" ಎಂದು ಟೈಲರ್ ಸೂಜಿ ಹೊಲಿಗೆ ಮಿಷನ್ ಬಿಟ್ಟು ಎದ್ದೇ ಬಂದಳು. "ಉದ್ದ ಆಗಿತ್ತಲ್ಲ, ಒಂದೂವರೆ ಇಂಚು ಕತ್ತರಿಸ್ದೆ. 'ಕೋಟು' ಅಂತ ಸೇರಿಸೋಣ ಅಂತ ಹೆಬ್ಬೆರಳು ಚಾಚಿದ್ನಾ, ಅಂಗೈ ತಾಗಿ ಹೊರಟೇಹೋಯ್ತು ಹಾಳಾದ್ದು!"

"ಜೀವ ಬಾಯಿಗೆ ಬಂದಿತ್ತಲ್ಲೇ ತಾಯಿ!" ಎಂದ ಟೀಚರಮ್ಮ ಮಗಳ ತೋಳನ್ನು ಒಂದು ಸಲ ಹಿಂಡಿ ನೋಡಿಯೇ ಕೂತರು.

ಸೂಜಿ ಎಂಬುದು ಅವಳ ಹೆಸರಲ್ಲ, ಆ ಕಾಂಪ್ಲೆಕ್ಸಿನವರೆಲ್ಲ ಸೇರಿ ಇಟ್ಟದ್ದು. ಕೈಕೆಲಸ ನೋಡಿ ಇಟ್ಟರೆಂದು ಅವಳು ಹೇಳಿಕೊಳ್ಳುತ್ತಾಳೆ. ನಾಲಿಗೆ ನೋಡಿ ಇಟ್ಟೆವೆಂದು ಉಳಿದವರು ಹೇಳುತ್ತಾರೆ.

ತಪ್ಪೆಲ್ಲ ಆ ಫೋನಿನದು. ಪಾಟಿಯಷ್ಟು ದೊಡ್ಡದು. ಅಣ್ಣ ಕೊಡಿಸಿದ್ದು, ಅದಕ್ಕೂ ಒಂದು ಕಾರಣವಿತ್ತು. ಅತ್ತಿಗೆ ತಂದ ಸಂಬಂಧವೊಂದು ಮೂರು ತಿಂಗಳಿಂದ ಮೆಸೇಜಿನಲ್ಲೇ ನಡೆಯುತ್ತಿತ್ತು. ಹುಡುಗ ಹಲ್ಲಿನ ಡಾಕ್ಟರು. ಹಳೆಯ ಪುಟ್ಟ ಫೋನಿನಲ್ಲಿ ಡಾಕ್ಟರ ಫೋಟೋ ಕಾಣುವುದೇ ಇಲ್ಲವೆಂದು ಅಣ್ಣ ಇದನ್ನು ತಂದಿದ್ದ. ಇವತ್ತು ಶನಿವಾರ. ಸಂಜೆ ಆರರೊಳಗೆ ಹೂಂ ಅಥವಾ ಉಹೂಂ, ಎರಡರಲ್ಲೊಂದನ್ನು ಅವಳೇ ಡಾಕ್ಟರಿಗೆ ಬರೆಯಬೇಕಿತ್ತು.

ಹೂಂ ಎನ್ನುವುದೆಂದು ಅವಳು ತೀರ್ಮಾನಿಸಿಯೂ ಆಗಿತ್ತು. ಡಾಕ್ಟರು ಒಳ್ಳೆಯವರು. ಒಂದು ಕೇಳಿದರೆ ನಾಲ್ಕು ಹೇಳುವವರು. ಎದುರಂಗಡಿಯ ಮೌನಿಯ ಹಾಗಲ್ಲ.

ಮೌನಿಯದು ಫೋನ್ ರಿಪೇರಿ. ಎರಡು ಅಂಗಡಿಗಳ ನಡುವೆ ಇದ್ದದ್ದು ಒಂದು ಓಣಿ, ಆರು ಹೆಜ್ಜೆ ಅಗಲ. ಎರಡು ವರ್ಷದಲ್ಲಿ ಸೂಜಿ ಆ ಆರು ಹೆಜ್ಜೆಯನ್ನು ಎಷ್ಟು ಸಲ ದಾಟಿದ್ದಾಳೋ ಲೆಕ್ಕವಿಲ್ಲ. ಚಾರ್ಜರ್ ಸಡಿಲ, ಚಾರ್ಜರ್ ಬಿಸಿ, ಚಾರ್ಜರ್ ಏನೋ ವಾಸನೆ. ಅವನು ಕನ್ನಡಕ ಮೇಲೇರಿಸಿ ಅವಳನ್ನೊಮ್ಮೆ, ಚಾರ್ಜರನ್ನೊಮ್ಮೆ ನೋಡಿ, "ಹೂಂ. ನಾಳೆ ಬನ್ನಿ" ಎನ್ನುತ್ತಿದ್ದ. ನಾಳೆ ಹೋದರೆ "ಆಗಿದೆ." ಅಷ್ಟೇ. ಬಾಯಿ ಬಿಟ್ಟರೆ ಮುತ್ತು ಉದುರಿಬಿಡುತ್ತದೇನೋ ಎಂಬಂತೆ!

ಕಲ್ಲನ್ನಾದರೂ ಮಾತಾಡಿಸಬಹುದು, ಇವನನ್ನಲ್ಲ ಎಂದುಕೊಂಡೇ ಅವಳು ಡಾಕ್ಟರ ಕಡೆ ಮನಸ್ಸು ತಿರುಗಿಸಿದ್ದು. ಆದರೂ ನೋಡಿ, ಟೀಚರಮ್ಮನನ್ನು ಕಳಿಸಿಕೊಟ್ಟವಳು ಫೋನು ಹಿಡಿದು ನೇರ ಅವನ ಕೌಂಟರಿಗೇ ಹೋದಳು.

"ಈ ಕೀಬೋರ್ಡ್ ಬದಲಾಯಿಸಿಕೊಡಿ. ಇಲ್ಲಾಂದ್ರೆ ನಾನು ಜೈಲಿಗೆ ಹೋಗ್ತೀನಿ."

ಮೌನಿ ಕನ್ನಡಕ ಮೇಲೇರಿಸಿದ. "ಎರಡು ಕೈಲಿ ಬರೀಬಹುದಲ್ಲ?"

"ಎಡಗೈ ಬಟ್ಟೆ ಹಿಡಿದಿರತ್ತೆ ರೀ. ಬಿಟ್ಟರೆ ಮಡಿಕೆ ಜಾರತ್ತೆ. ಹೊಲಿಯೋರ ಕಷ್ಟ ನಿಮಗೇನು ಗೊತ್ತು."

ಅವನು ಒಂದು ಕೀಬೋರ್ಡ್ ಆಪ್ ಹಾಕಿದ. ಅಕ್ಷರಗಳೆಲ್ಲ ಎರಡು ಗುಂಪಾಗಿ ಗಾಜಿನ ಆ ತುದಿಗೊಂದು ಈ ತುದಿಗೊಂದು ಸರಿದು ಕೂತವು.

"ಇದೇನಿದು, ಜಗಳ ಆಡಿದ ಗಂಡ ಹೆಂಡ್ತಿ ಥರ?"

ಅವನ ತುಟಿಯ ಒಂದು ಮೂಲೆ ನಕ್ಕಿತು. ಅವಳು ಅದನ್ನು ನೋಡಿದಳು, ನೋಡಲಿಲ್ಲವೆಂಬಂತೆ ಹಣೆಯ ಕೂದಲು ಸರಿಸಿಕೊಂಡಳು. ಎರಡನೆಯ ಆಪಿನಲ್ಲಿ ಬೆರಳೆತ್ತದೆ ಅಕ್ಷರದಿಂದ ಅಕ್ಷರಕ್ಕೆ ಗೆರೆ ಎಳೆಯಬೇಕು.

"'ಗುಂಡಿ' ಅಂತ ಎಳೆದ್ರೆ 'ಗಂಡ' ಅಂತ ಬರ್ತಿದೆ!"

ಮೌನಿಯ ಮುಖ ಸಪ್ಪಗಾಯಿತು. "ತೆಗೀತೀನಿ ಕೊಡಿ. ಆರು ಗಂಟೆ ಒಳಗೆ ಬೇಕಲ್ವಾ ನಿಮಗೆ."

ಸೂಜಿ ಬೆಚ್ಚಿದಳು. ಆರು ಗಂಟೆಯ ವಿಷಯ ಇವನಿಗೂ ಗೊತ್ತೇ? ಗೊತ್ತಿರಲೇಬೇಕು, ಅತ್ತಿಗೆಯ ಬಾಯಿಗೆ ಬಿದ್ದದ್ದು ಕಾಂಪ್ಲೆಕ್ಸಿಗೆಲ್ಲ ಗೊತ್ತು. ಗೊತ್ತಿದ್ದೂ ಇಷ್ಟು ತಣ್ಣಗೆ ಕೂತಿದ್ದಾನಲ್ಲ ಮಹಾರಾಯ ಎಂದು ಅವಳಿಗೆ ಅಳುವೇ ಬಂದಂತಾಯಿತು.

"ಟೇಪು ಕೊಡಿ," ಎಂದ ಅವನು.

"ಯಾಕೆ?"

ಕೊಡುವವರೆಗೂ ಅವನ ಕೈ ಹಾಗೇ ಚಾಚಿಕೊಂಡಿತ್ತು. ಕುತ್ತಿಗೆಯಿಂದ ಟೇಪು ತೆಗೆದುಕೊಟ್ಟಳು. ಅವನು ಅವಳ ಬಲಗೈಯನ್ನು ಕೌಂಟರಿನ ಮೇಲೆ ಅಂಗಾತ ಇರಿಸಿ, ಹೆಬ್ಬೆರಳ ಬುಡದಿಂದ ತುದಿಯವರೆಗೆ ಟೇಪು ಹಿಡಿದ. ಹತ್ತು ವರ್ಷದಿಂದ ಊರವರ ಅಳತೆಯನ್ನೆಲ್ಲ ತೆಗೆದವಳ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ಅವಳಿಗೆ ಮೈ ಜುಮ್ಮೆಂದಿತು, ಕೈ ಎಳೆದುಕೊಳ್ಳುವುದು ಮರೆತೇಹೋಯಿತು.

"ಎರಡೂಮುಕ್ಕಾಲು," ಎಂದ. "ಫೋನ್ ಅಗಲ ಮೂರೂಕಾಲು. ಅದಕ್ಕೇ."

ಆಮೇಲೆ ಗಾಜನ್ನು ಒರೆಸಿ, ಫೋನನ್ನು ಅವಳ ಕೈಗಿಟ್ಟು, ಹೆಬ್ಬೆರಳನ್ನು ಆರಾಮಾಗಿ ಆಡಿಸಲು ಹೇಳಿದ. ಗಾಜಿನ ಮೇಲೆ ಒಂದು ಮಸುಕು ಕಮಾನು ಮೂಡಿತು. ಮೂರನೆಯ ಆಪಿನ ಕೀಬೋರ್ಡನ್ನು ಕಿರಿದು ಮಾಡಿ, ಬಲಕ್ಕೆ ಸರಿಸಿ, ಸ್ವಲ್ಪ ಮೇಲೆತ್ತಿ, ಆ ಕಮಾನಿನೊಳಗೆ ಸರಿಯಾಗಿ ಕೂರಿಸಿದ. ಟ್ರಯಲ್‌ಗೆ ಹಾಕಿದ ಅಂಗಿ ಮೊದಲ ಸಲಕ್ಕೇ ಸರಿಹೋದಂತಿತ್ತು.

"ಕಾಜಾ, ಅಸ್ತರು, ಮಡಿಕೆ, ಈ ಹೊಲಿಗೆ ಮಾತೆಲ್ಲ ಇದಕ್ಕೆ ಗೊತ್ತಿರತ್ತಾ?"

"ಹೊಸ ಕೀಬೋರ್ಡ್ ಕೂಸಿದ್ದ ಹಾಗೆ. ಮಾತು ಕಲಿಯೋಕೆ ತಿಂಗಳುಗಟ್ಟಲೆ ಬೇಕು. ನನ್ನ ಕೀಬೋರ್ಡ್ ಕಲಿತಿದೆ. ಅದು ಕಲಿತದ್ದನ್ನೇ ಇದಕ್ಕೆ ಹಾಕ್ತೀನಿ." ಎರಡು ವರ್ಷದಲ್ಲಿ ಅವನಾಡಿದ ಅತಿ ಉದ್ದದ ಮಾತು ಇದು.

ಫೋನ್ ರಿಪೇರಿಯವನ ಕೀಬೋರ್ಡಿಗೆ ಕಾಜಾ, ಅಸ್ತರು ಯಾಕೆ ಗೊತ್ತು? ಆ ಪ್ರಶ್ನೆ ಅವಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೆಬ್ಬೆರಳು ಇನ್ನೂ ಬೆಚ್ಚಗಿತ್ತು ಪಾಪ.

ಐದೂ ಹತ್ತಕ್ಕೆ ಅಂಗಡಿಗೆ ಮರಳಿ, ಇಸ್ತ್ರಿ ಮೇಜಿಗೆ ಒರಗಿ, ಡಾಕ್ಟರ ಹೆಸರು ತೆಗೆದಳು. 'ನನಗೆ' ಎಂದು ಒತ್ತಿದಳು. ಮುಂದಿನದು 'ಒಪ್ಪಿಗೆ'.

ಅಕ್ಷರಗಳ ಮೇಲಿನ ಪಟ್ಟಿಯಲ್ಲಿ, ಮುಂದಿನ ಪದ ಇದಿರಬಹುದು ಎಂದು ಕೀಬೋರ್ಡು ತಾನಾಗಿ ಮೂರನ್ನು ಮುಂದಿಟ್ಟಿತು. 'ಅವಳು', 'ಧೈರ್ಯ', 'ನಿದ್ದೆ'.

ಇದೆಂಥದು? ಕುತೂಹಲ ಕೆಟ್ಟದ್ದು. ಅವಳು 'ಅವಳು' ಎಂಬುದನ್ನು ಮುಟ್ಟಿದಳು. 'ಅಂದ್ರೆ' ಬಂತು. ಅದನ್ನೂ ಮುಟ್ಟಿದಳು. 'ಇಷ್ಟ'. ಆಮೇಲೆ 'ಹೇಳೋಕೆ'. ಆಮೇಲೆ 'ಧೈರ್ಯ'. ಆಮೇಲೆ 'ಇಲ್ಲ'.

ನನಗೆ ಅವಳು ಅಂದ್ರೆ ಇಷ್ಟ ಹೇಳೋಕೆ ಧೈರ್ಯ ಇಲ್ಲ.

ಸೂಜಿ ದಂಗಾದಳು. ಇದು ಅವಳ ಮಾತಲ್ಲ, ಯಂತ್ರದ ಮಾತೂ ಅಲ್ಲ. ಮೌನಿಯ ಬೆರಳು ಬರೆದು ಬರೆದು ಈ ಕೀಬೋರ್ಡಿಗೆ ಬಾಯಿಪಾಠವಾದ ಮಾತು. ಹಾಗಾದರೆ ಆ ಮೂಗಬಸವನ ಮನಸ್ಸಿನಲ್ಲಿ ಒಬ್ಬಳಿದ್ದಾಳೆ! ಎದೆಯಲ್ಲಿ ಏನೋ ಚುರ್ರೆಂದಿತು. ಇನ್ನು ಮುಕ್ಕಾಲು ಗಂಟೆಯೊಳಗೆ ಬೇರೆಯವರಿಗೆ ಹೂಂ ಎನ್ನಲಿರುವವಳಿಗೆ ಹೊಟ್ಟೆಕಿಚ್ಚು ಬೇರೆ ಕೇಡು ಎಂದು ತನ್ನನ್ನೇ ಬೈದುಕೊಂಡಳು.

ಬೈದುಕೊಂಡೇ ಮತ್ತೊಮ್ಮೆ 'ಅವಳು' ಎಂದು ಒತ್ತಿದಳು. ಯಾರೆಂದಾದರೂ ತಿಳಿಯಲಿ!

'ಅವಳು' 'ಚಾರ್ಜರ್' 'ಚೆನ್ನಾಗೇ' 'ಇದ್ರೂ' 'ತರ್ತಾಳೆ'.

ಮುಖಕ್ಕೆ ಇಸ್ತ್ರಿಪೆಟ್ಟಿಗೆ ಹಿಡಿದಂತೆ ಬಿಸಿ ಏರಿತು. ಎರಡು ವರ್ಷದ ಅವಳ ಕಳ್ಳಾಟ ಮೊದಲ ದಿನದಿಂದಲೂ ಅವನಿಗೆ ಗೊತ್ತಿತ್ತು! ಗೊತ್ತಿದ್ದೂ "ನಾಳೆ ಬನ್ನಿ" ಎನ್ನುತ್ತಿದ್ದ. ಯಾಕೆ? ತನ್ನ ಅಡ್ಡಹೆಸರನ್ನೇ ಒತ್ತಿದಳು.

'ಸೂಜಿ' 'ನಾಳೆ' 'ಬರ್ತಾಳಾ'.

ಇಸ್ತ್ರಿ ಮೇಜಿನಿಂದ ಯಾವುದೋ ಪ್ಯಾಂಟು ಜಾರಿ ಬಿತ್ತು. ಅವಳು ಅದನ್ನು ದಾಟಿಕೊಂಡೇ ಹೋದಳು. ಆರು ಹೆಜ್ಜೆಯ ಓಣಿ ಮೂರೇ ಹೆಜ್ಜೆಯಲ್ಲಿ ಮುಗಿಯಿತು. ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದೇನು?"

ಮೌನಿ ಓದಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. "ಅಳಿಸಿದ್ದೆ," ಎಂದ ಕಷ್ಟಪಟ್ಟು. "ಬರೆದು ಎಲ್ಲಾನೂ ಅಳಿಸಿದ್ದೆ. ಒಂದೂ ಕಳಿಸಿಲ್ಲ."

"ನೀವು ಅಳಿಸಿದ್ದು ಮೆಸೇಜನ್ನ. ಕೀಬೋರ್ಡ್ ಮರೆತಿಲ್ಲ!"

"ಅಯ್ಯೋ ದೇವ್ರೇ." ಅವನು ತಲೆ ಹಿಡಿದುಕೊಂಡ. "ಬಂದವರಿಗೆಲ್ಲ ಹೇಳೋನು ನಾನೇ. ಕಲಿತ ಕೀಬೋರ್ಡ್ ಇನ್ನೊಬ್ಬರಿಗೆ ಕೊಡಬೇಡಿ ಅಂತ. ಇವತ್ತು ನಿಮ್ಮ ಕೈ ಹಿಡಿದ ಮೇಲೆ ನನಗೆ... ತಲೆ ಓಡಲಿಲ್ಲ."

"ಎರಡು ವರ್ಷ ರೀ! ಎರಡು ವರ್ಷ ನಿಮ್ಮ ಬಾಯಲ್ಲಿ ಏನು ಕಡುಬು ಇತ್ತಾ? ಒಳ್ಳೆ ಚಾರ್ಜರಿನ ಪಿನ್ನು ನಾನೇ ಬಗ್ಗಿಸಿ ಬಗ್ಗಿಸಿ ತಂದೆ. ಹೂಂ ಅನ್ನೋಕೆ ಹೊರಟ ದಿನ, ಐದೂ ಇಪ್ಪತ್ತಕ್ಕೆ, ಅದೂ ಕೀಬೋರ್ಡ್ ಬಾಯಿಂದ ನಂಗೆ ಗೊತ್ತಾಗಬೇಕಾ?"

ಪಕ್ಕದ ಜೆರಾಕ್ಸ್ ಅಂಗಡಿಯವನು ಮಿಷನ್ ನಿಲ್ಲಿಸಿ ಕಿವಿ ಇತ್ತ ಇಟ್ಟಿದ್ದ. ಇಡಲಿ ಬಿಡಿ.

"ಹೇಳಿ," ಎಂದಳು. "ಬಾಯಲ್ಲಿ ಹೇಳಿ. ಇಲ್ಲಾಂದ್ರೆ ಇದನ್ನ ತೆಗೆದುಹಾಕಿ ಬೇರೆ ಕೀಬೋರ್ಡ್ ಕೊಡಿ. ನಾನು ಬರೆಯೋದು ಬರೀತೀನಿ."

ಅವನು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಅವಳು ಅದೇ ಮೊದಲು ನೋಡಿದ್ದು. ಅವು ಹೆದರಿದ್ದವು, ಆದರೂ ಅವಳ ಮುಖ ಬಿಟ್ಟು ಕದಲಲಿಲ್ಲ.

"ನನಗೆ ಮಾತು ಬರಲ್ಲ. ಚಿಕ್ಕವನಿದ್ದಾಗಿಂದ ಹಾಗೇ. ನೀವು ದಿನಾ ಬರ್ತಿದ್ರಿ, ಮಾತಾಡ್ತಿದ್ರಿ, ಹೋಗ್ತಿದ್ರಿ. ನೀವು ಹೋದಮೇಲೆ ನೀವು ಹೇಳಿದ್ದನ್ನೇ ಬರೀತಿದ್ದೆ. ಕಾಜಾ ಅಂದ್ರಿ, ಅಸ್ತರು ಅಂದ್ರಿ, ಎಲ್ಲ. ಕೆಳಗೆ ನನ್ನ ಮಾತು ಒಂದು ಸಾಲು. ಆಮೇಲೆ ಅಳಿಸ್ತಿದ್ದೆ. ನನಗೆ ನೀವು ಬೇಕು. ಡಾಕ್ಟರು ನನಗಿಂತ ಎಲ್ಲದರಲ್ಲೂ ಮೇಲು, ಅದು ಗೊತ್ತು. ಆದರೂ ಬೇಕು."

ಸೂಜಿ ಕೌಂಟರಿನ ಮೇಲಿನ ಕನ್ನಡಕವನ್ನು ಮಡಚಿ ನೇರ ಮಾಡಿಟ್ಟಳು.

"ಉತ್ತರ ಆಮೇಲೆ," ಎಂದಳು ಕೊನೆಗೆ, ಮೂಗು ಒರೆಸಿಕೊಂಡು. "ಮೆಸೇಜು ಮಾಡ್ತೀನಿ. ಕಾಯೋದು ಅಂದ್ರೆ ಹೇಗಿರತ್ತೆ ಅಂತ ನಿಮಗೂ ಸ್ವಲ್ಪ ಗೊತ್ತಾಗಲಿ."

ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡಳು. ಡಾಕ್ಟರಿಗೆ ಬರೆಯುವಾಗ ಪಟ್ಟಿಯತ್ತ ನೋಡಲೇ ಇಲ್ಲ. 'ಕ್ಷಮಿಸಿ. ನಿಮ್ಮದೇನೂ ತಪ್ಪಿಲ್ಲ. ನನ್ನ ಮನಸ್ಸು ಬೇರೆ ಕಡೆ ಇದೆ. ಅದು ನನಗೂ ಇವತ್ತೇ ಪೂರ್ತಿ ಗೊತ್ತಾಗಿದ್ದು.' ಕಳಿಸಿ ಕಣ್ಣು ಮುಚ್ಚಿ ಕೂತಳು. ಪಾಪದವರಿಗೆ ನೋವು ಕೊಟ್ಟೆನಲ್ಲ ಎಂದುಕೊಂಡಳು.

ಫೋನು ಟಿಣ್ ಎಂದಿತು.

'ನನಗೆ ಹೋದ ವಾರವೇ ಗೊತ್ತಾಯಿತು. ನಮ್ಮ ಮೆಸೇಜುಗಳನ್ನೆಲ್ಲ ಮತ್ತೆ ಓದಿದೆ. ಎದುರಂಗಡಿಯವರ ಮಾತು ಹದಿನೇಳು ಸಲ ಬಂದಿದೆ. ನನ್ನ ಕ್ಲಿನಿಕ್ಕಿನ ಬಗ್ಗೆ ನೀವು ಕೇಳಿದ್ದು ಒಂದೇ ಸಲ, ಅದೂ ಅಲ್ಲಿ ಫೋನ್ ರಿಪೇರಿ ಅಂಗಡಿ ಇದೆಯಾ ಅಂತ. ಒಳ್ಳೆಯದಾಗಲಿ.'

ಸೂಜಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹದಿನೇಳು ಸಲ! ಮೌನಿಯ ಗುಟ್ಟು ಕೀಬೋರ್ಡಿನ ಬಾಯಲ್ಲಿ ಹೊರಬಿತ್ತು, ಇವಳದು ಡಾಕ್ಟರ ಬಾಯಲ್ಲಿ. ಅವನನ್ನು ಬೈಯಲು ತನಗೇನು ಯೋಗ್ಯತೆ ಇತ್ತೋ! ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಅಣ್ಣ, ಅತ್ತಿಗೆ ಮನೆಯಲ್ಲಿ ಕೋಪದಿಂದ ಕುಣಿದಾಡುತ್ತಾರೆ, ಕುಣಿಯಲಿ. ಅವರನ್ನು ಹೇಗೋ ಸಂಭಾಳಿಸಬಹುದು.

ಅರ್ಧ ಎಳೆದ ಬಾಗಿಲಿನ ಸಂದಿಯಲ್ಲಿ ಎದುರಂಗಡಿ ಕಾಣುತ್ತಿತ್ತು. ಮೌನಿ ಯಾರದೋ ಫೋನು ಬಿಚ್ಚಿ ಕೂತಿದ್ದ. ಆದರೆ ಕೈ ಆಡುತ್ತಿರಲಿಲ್ಲ. ಕನ್ನಡಕ ಇನ್ನೂ ಕೌಂಟರಿನ ಮೇಲೇ ಇತ್ತು.

ಅವಳು ಅವನ ಹೆಸರು ತೆಗೆದು 'ಸೂಜಿಗೆ' ಎಂದು ಒತ್ತಿದಳು.

ಕೀಬೋರ್ಡು ತನಗೆ ಗೊತ್ತಿದ್ದ ಮೂರನ್ನು ಮುಂದಿಟ್ಟಿತು. 'ಹೇಳಲಾ', 'ಬೇಡ', 'ನಾಳೆ'.

ಆ ಮಾತಿನ ಮುಂದೆ ಎರಡು ವರ್ಷದಿಂದ ಅವನು ಬರೆದು ಅಳಿಸಿದ್ದು ಈ ಮೂರನ್ನೇ. ಇವಳಿಗೆ ಬೇಕಾದ ಪದವನ್ನು ಬರೆಯುವಷ್ಟು ಆಸೆಪಡಲೂ ಅವನು ಹೆದರಿದ್ದ. ಹಾಗಾಗಿ ಎರಡೂಮುಕ್ಕಾಲು ಇಂಚಿನ ಹೆಬ್ಬೆರಳಿನಿಂದ, ಅವನು ಅಳೆದು ಕೂರಿಸಿಕೊಟ್ಟ ಕಮಾನಿನೊಳಗೆ, ಸೂಜಿ ಒಂದೊಂದೇ ಅಕ್ಷರ ಒತ್ತಿ ಆ ಪದವನ್ನು ಕೀಬೋರ್ಡಿಗೆ ಕಲಿಸಿದಳು.

'ಸೂಜಿಗೆ ಒಪ್ಪಿಗೆ.'

ಎದುರಂಗಡಿಯಲ್ಲಿ ಸ್ಕ್ರೂ ಡಬ್ಬಿ ನೆಲಕ್ಕೆ ಬಿದ್ದ ಸದ್ದು ಓಣಿಯುದ್ದಕ್ಕೂ ಕೇಳಿಸಿತು. ಅವಳು ಬಾಗಿಲನ್ನು ಪೂರ್ತಿ ತೆರೆದು, ಅವನ ಜೊತೆ ಸ್ಕ್ರೂ ಆರಿಸಲು ಹೋದಳು.