ಚಡಪಡಿಕೆಯ ಬೀಗ

ತಾಯಿಗಣ್ಣು ಮೊದಲ ಸಲ ಕೆಲಸ ಮಾಡಿದ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಸತ್ತ ಫೋನುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ನೃಪತುಂಗ ಬೆಟ್ಟಕ್ಕೆ ಒಬ್ಬ ತಮ್ಮ ಹುಟ್ಟುತ್ತಿದ್ದ. ಪರೀಕ್ಷೆಗೆಂದು ಆರಿಸಿದ ಮನೆಗಳಲ್ಲಿ ಆರಬೇಕಾಗಿದ್ದದ್ದು ಮಕ್ಕಳ ಪರದೆಗಳು. ಆರಿದ್ದು ಅಪ್ಪ ಅವ್ವಂದಿರ ಫೋನು. ಹಲ್ಲುಜ್ಜುತ್ತ ಸುದ್ದಿ ನೋಡುತ್ತಿದ್ದವರು ಬ್ರಷ್ಷನ್ನೇ ನುಂಗಿದರು. ಒಗ್ಗರಣೆ ಹಾಕುತ್ತ ರೀಲು ಸರಿಸುತ್ತಿದ್ದವರು ಸಾಸಿವೆಯನ್ನು ಡಬ್ಬಿ ಸಮೇತ ಬಾಣಲೆಗಿಳಿಸಿದರು. ಊರ ತುಂಬ ಎದ್ದ ಬೊಬ್ಬೆ ಧಾರವಾಡಕ್ಕೆ ಮುಟ್ಟಿ, ಅಲ್ಲಿಯವರು ಭೂಕಂಪವೆಂದು ಬೀದಿಗೆ ಬಂದರಂತೆ. ಇದು ಸ್ವಲ್ಪ ಕಡಿಮೆ ಮಾಡಿಯೇ ಹೇಳಿದ್ದು.

ಇಷ್ಟೆಲ್ಲ ಮಾಡಿಟ್ಟ ಡಾಕ್ಟರ್ ಪ್ರಣತಿ ಹಂಚಿನಾಳ ಆ ಹೊತ್ತಿಗೆ ತನ್ನ ಅಡುಗೆಮನೆಯಲ್ಲಿ, ಕಪ್ಪಗಾದ ತನ್ನದೇ ಫೋನನ್ನು ತಟ್ಟುತ್ತ, ಊದುತ್ತ, ಸೀರೆಯ ಸೆರಗಿಗೆ ಉಜ್ಜುತ್ತ ನಿಂತಿದ್ದಳು. ಮೇಜಿನಾಚೆ ಮಗಳು ದ್ಯಾಮವ್ವ ಅವಲಕ್ಕಿ ತಿನ್ನುತ್ತಿದ್ದಳು. ಇಸವಿ ಎರಡು ಸಾವಿರದ ಐವತ್ತೆಂಟು; ಹಳೆಯ ಹೆಸರುಗಳು ಮತ್ತೆ ಫ್ಯಾಶನ್ನಾಗಿ, ಎರಡನೇ ತರಗತಿಯ ತುಂಬ ದ್ಯಾಮವ್ವ, ರುದ್ರವ್ವ, ಬಸವ್ವಂದಿರೇ ಇದ್ದ ಕಾಲ.

ತಾಯಿಗಣ್ಣು ಎಂದರೆ ಉದ್ದಿನಕಾಳಿನಷ್ಟು ಸಣ್ಣ ಬಿಲ್ಲೆ. ಮಗುವಿನ ಕಿವಿಯ ಹಿಂದೆ ಅಂಟಿಸಬೇಕು. ಮನಸ್ಸು ತಳಮಳಿಸಿದಾಗ ಚರ್ಮ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ಎದೆಬಡಿತ ಓಡುತ್ತದೆ. ಬಿಲ್ಲೆ ಇದನ್ನು ಅಳೆದು ಗೋಡೆಯ ಪೆಟ್ಟಿಗೆಗೆ ತಿಳಿಸುತ್ತದೆ. ಮನೆಯ ಯಾವ ಪರದೆ ಬೆಳಗಿದಾಗ ತಳಮಳ ಏರುತ್ತದೆಂದು ಪೆಟ್ಟಿಗೆ ಹೊಂದಿಸಿ ನೋಡಿ, ಆ ಪರದೆಗೆ ಬೀಗ ಹಾಕುತ್ತದೆ. ಮಗು ಸಮಾಧಾನವಾದ ಮೇಲೆ ತೆರೆಯುತ್ತದೆ. ಗಂಟೆ ನೋಡಿ ಬಾಗಿಲು ಹಾಕುತ್ತಿದ್ದ ಹಳೆಯ ತಂತ್ರಾಂಶಗಳನ್ನು ಮಕ್ಕಳು ಮಲಗಿದ ಅಪ್ಪನ ಹೆಬ್ಬೆಟ್ಟು ಒತ್ತಿಸಿಯೇ ಮುರಿಯುತ್ತಿದ್ದರು. ಇದನ್ನು ದೇವರಪ್ಪ ಬಂದರೂ ಮುರಿಯಲಾರ ಎಂದು ಪ್ರಣತಿ ಎದೆ ತಟ್ಟಿಕೊಂಡು ಹೇಳಿದ್ದಳು.

ಮಧ್ಯಾಹ್ನದೊಳಗೆ ಕಂಪನಿಯ ಯಜಮಾನ ರಾಜಶೇಖರಪ್ಪ ಮೆಣಸಿನಕಾಯಿ, ಮೊಮ್ಮಗನಿಂದಾಗಿ ಸತ್ತ ತನ್ನ ಫೋನನ್ನು ಹೆಣದಂತೆ ಎರಡೂ ಕೈಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಬಂದ.

"ಮೇಡಮ್ಮಾರ, ಹುಡುಗರಿಗೆ ಬೀಗ ಹಾಕ್ರಿ ಅಂದ್ರ ಕೊಳ್ಳೋರಿಗೇ ಬೀಗ ಜಡದ್ರಲ್ರಿ!"

"ಯಂತ್ರ ತಪ್ಪು ಮಾಡಿಲ್ರಿ, ಸಾವ್ಕಾರ್ರ."

"ಹಂಗಾರ ಯಾರು ಮಾಡ್ಯಾರ? ನಮ್ಮ ಮುತ್ತ್ಯಾನ?"

ಪ್ರಣತಿ ಬಾಗಿಲಿನತ್ತ ಕೈ ತೋರಿಸಿದಳು. ಹೊರಗೆ ಚಪ್ಪಲಿಗಳ ಸಾಲು, ಚಪ್ಪಲಿಗಳ ಪಕ್ಕ ಫೋನುಗಳ ಸಾಲು. ಫೋನಿನ ತರಂಗ ಸೂಕ್ಷ್ಮ ಉಪಕರಣಗಳನ್ನು ಕೆಡಿಸುತ್ತದೆಂದು ಒಳಬರುವವರೆಲ್ಲ ಚಪ್ಪಲಿಯ ಜೊತೆ ಫೋನನ್ನೂ ಬಿಟ್ಟು ಬರುವುದು ಅಲ್ಲಿಯ ವಾಡಿಕೆ; ಸತ್ತ ಫೋನಿಗೆ ಮಾತ್ರ ತಡೆಯಿಲ್ಲ. ಲೆಕ್ಕವಿಲ್ಲದಷ್ಟು ಮಕ್ಕಳನ್ನು ಅಲ್ಲಿ ಕೂರಿಸಿ ಯಂತ್ರಕ್ಕೆ ಪಾಠ ಮಾಡಿದ್ದರು. ಕೈಯಲ್ಲಿ ಫೋನು ಹಿಡಿದ ಒಬ್ಬ ತಾಯಿಯನ್ನೂ ಅದು ಕಂಡಿರಲಿಲ್ಲ.

"ಹುಡುಗರಿಗೆ ತಳಮಳ ಮಾಡೋ ಪರದೆ ಹುಡುಕಿ ಮುಚ್ಚು ಅಂದಿದ್ದೆ. ಯಾರ ಪರದೆ ಅಂತ ಹೇಳಿರಲಿಲ್ಲ. ಮನೀಗೆ ಹೋತು, ಹುಡುಕ್ತು, ಸಿಕ್ತು, ಮುಚ್ತು."

ಮೆಣಸಿನಕಾಯಿ ಹೆಸರಿಗೆ ತಕ್ಕಂತೆ ಕೆಂಪಾದ. "ಮಕ್ಕಳ ಪರದೆ ಅಷ್ಟ ಅಂತ ಒಂದು ಸಾಲು ಸೇರಸ್ರಿ. ಇಲ್ಲಾಂದ್ರ ಪೆಟ್ಟಿಗಿ ಗುಜರಿಗೆ, ನೀವು ಮನೀಗೆ."

"ಒಂದು ವಾರ ಕೊಡ್ರಿ. ಅಷ್ಟರಾಗ ಮಕ್ಕಳ ತಳಮಳ ಇಳೀಲಿಲ್ಲಾಂದ್ರ ನಾನ ಹೊತ್ಕೊಂಡು ಹೋಗಿ ಗುಜರಿಗೆ ಹಾಕ್ತೀನಿ."

ಆ ವಾರ ಹುಬ್ಬಳ್ಳಿ ಕಂಡ ಚಡಪಡಿಕೆಯನ್ನು ವಿದ್ಯುತ್ತಾಗಿ ಮಾರ್ಪಡಿಸಿದ್ದರೆ ಮೂರು ಜಿಲ್ಲೆಗೆ ದೀಪ ಹಚ್ಚಬಹುದಿತ್ತು. ಫೋನು ಬೇಕಾದ ಅಪ್ಪಂದಿರು ಮಕ್ಕಳೆದುರು ಆನೆಯಾದರು, ಕತ್ತೆಯಾದರು. ಫೇಡೆ ಅಂಗಡಿಗಳ ಕಪಾಟುಗಳು ಬರಿದಾದವು. ಪ್ರಣತಿಯ ಕೈ ತಂತಾನೇ ಖಾಲಿ ಮೇಜನ್ನು ತಡವುತ್ತಿತ್ತು; ಫ್ರಿಜ್ಜು ತೆರೆದು ಯಾಕೆ ತೆರೆದೆನೆಂದು ತಿಳಿಯದೆ ಮುಚ್ಚುತ್ತಿದ್ದಳು. ಕೂತರೆ ಏಳಬೇಕು, ಎದ್ದರೆ ಕೂರಬೇಕು.

"ದ್ಯಾಮೀ, ಆರಾಮ ಅದೀ ಇಲ್ಲೋ?"

"ಅದೀನವ್ವಾ."

"ಮತ್ತ ಇದ್ಯಾಕ ತೆರೀವಲ್ದು? ಖರೇ ಹೇಳು!"

ಹೀಗೆ ಬೆನ್ನು ಹತ್ತಿದರೆ ಯಾವ ಮಗು ಆರಾಮಾಗಿರುತ್ತದೆ? ಫೋನು ಇನ್ನಷ್ಟು ಕಪ್ಪಗಾಗುತ್ತಿತ್ತು.

ವಾರದ ಕೊನೆಗೆ ಪವಾಡವಾಯಿತು. ಒಂದೊಂದೇ ಮನೆಯಲ್ಲಿ ಫೋನು ಬೆಳಗತೊಡಗಿತು. ಪೆಟ್ಟಿಗೆಗಳು ಕಳಿಸಿದ ತಳಮಳದ ಗೆರೆ, ಕಾರಹುಣ್ಣಿಮೆಯ ಎತ್ತಿನಂತೆ ಕುಣಿಯುತ್ತಿದ್ದದ್ದು, ಒಗೆದು ಹರವಿದ ಧೋತರದಂತೆ ಸಪಾಟಾಗಿ ಮಲಗಿತು. ಮಕ್ಕಳು ತಣ್ಣಗಿದ್ದಾರೆ! ಇಂಥ ಶಾಂತಿ ಬುದ್ಧನ ಮನೆಯಲ್ಲೂ ಇದ್ದಿರಲಿಕ್ಕಿಲ್ಲ ಎಂದು ಪ್ರಣತಿ ಹಿಗ್ಗಿ ಹೀರೇಕಾಯಿಯಾದಳು.

ಭಾನುವಾರ, ಮತ್ತೆ ಬೆಳಗಿದ ಅವಳ ಫೋನಿಗೆ ಮೆಣಸಿನಕಾಯಿಯ ಕರೆ ಬಂತು. "ನೀವು ದೇವರ ರೀ, ಮೇಡಮ್ಮಾರ! ಒಂದಕ್ಷರ ತಿದ್ದಬ್ಯಾಡ್ರಿ. ಹಿಂಗ ಇದ್ದಂಗ ಇಡೀ ದೇಶಕ್ಕ ಕಳಸೂಣು. ನೀವು ಹೂಂ ಅನ್ನೂದ ತಡ."

ಹೂಂ ಎನ್ನಲು ಬಾಯಿ ತೆರೆದವಳು ಯಾಕೋ ಮಗಳತ್ತ ನೋಡಿದಳು. ದ್ಯಾಮವ್ವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದ್ದಳು. ಬೆನ್ನು ನೆಟ್ಟಗೆ. ಉಸಿರು ನಿಧಾನವಾಗಿ ಒಳಗೆ, ಇನ್ನೂ ನಿಧಾನವಾಗಿ ಹೊರಗೆ. ಕಾಲಿನ ಹೆಬ್ಬೆರಳು ಮಾತ್ರ ಗಾಳಕ್ಕೆ ಸಿಕ್ಕ ಮೀನಿನಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಆಮ್ಯಾಲೆ ಹೇಳ್ತೀನ್ರಿ," ಎಂದು ಕರೆ ಕತ್ತರಿಸಿದಳು. "ಏನ್ ಮಾಡಾಕತ್ತಿ, ದ್ಯಾಮೀ?"

"ಉಸುರು ಎಳ್ಯಾಕತ್ತೀನಿ." ಕಣ್ಣು ತೆರೆಯಲಿಲ್ಲ. "ರುದ್ರವ್ವ ಕಲಿಸ್ಯಾಳ. ಸಾಲ್ಯಾಗ ಎಲ್ಲಾರೂ ಕಲ್ತೇವಿ. ಹಿಂಗ ಮಾಡಿದ್ರ ಅವ್ವಂದಿರ ಫೋನ್ ತೆರೀತಾವು."

ಉಸಿರು ನಿಧಾನಿಸಿದರೆ ಎದೆಬಡಿತ ನಿಧಾನಿಸುತ್ತದೆ. ಶರೀರಶಾಸ್ತ್ರದ ಮೊದಲ ಪುಟದ ಮಾತು. ದೇವರಪ್ಪನೂ ಮುರಿಯಲಾರದ ಬೀಗವನ್ನು ಎರಡನೇ ತರಗತಿ ಮೂಗಿನಿಂದ ಮುರಿದಿತ್ತು. ಆದರೆ ಪ್ರಣತಿಗೆ ತಿಳಿಯದೆ ಹೋದದ್ದು ಬೇರೆ.

"ನಿನಗೇನು ಲಾಭ ಇದರಾಗ? ಫೋನ್ ಬಂದ್ ಇದ್ರ ನಾ ನಿನ್ನ ಜೋಡಿ ಇರ್ತೀನಲ್ಲ?"

"ಇರ್ತಿ. ಆದ್ರ ನಿನ್ನ ಮುಖ ನೋಡಾಕ ಆಗೂದಿಲ್ಲವ್ವಾ. ಪಾಪ ಅನಸ್ತೈತಿ." ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡಳು. "ನಾ ಆರಾಮ ಅದೀನಿ. ನೀ ನೋಡ್ಕೋ."

ಪ್ರಣತಿ ಫೋನನ್ನು ಮೇಜಿನ ಮೇಲಿಟ್ಟು ಮಗಳೆದುರು ಚಾಪೆಯ ಮೇಲೆ ಕೂತಳು. ಅವ್ವ ಫೋನು ಬಿಟ್ಟು ಹತ್ತಿರ ಬಂದದ್ದು ಮಗಳಿಗೆ ತಿಳಿಯಿತೇನೋ, ಉಸಿರು ಎಡವಿತು. ಫೋನು ಪಕ್ಕನೆ ಕಪ್ಪಗಾಯಿತು. ಮೆಣಸಿನಕಾಯಿ ಅತ್ತ ಮತ್ತೆ ಮತ್ತೆ ಕರೆಯುತ್ತಿದ್ದಿರಬೇಕು. ಇಡೀ ದೇಶ ಆ ಕಪ್ಪು ಗಾಜಿನ ಹಿಂದೆ ಕಾಯುತ್ತ ನಿಂತಿತ್ತು.

"ತಡೀ ಅವ್ವಾ, ತಡೀ, ಈಗ ತೆರೀತೈತಿ," ದ್ಯಾಮವ್ವ ಗಾಬರಿಯಾಗಿ ದೊಡ್ಡ ಉಸಿರೆಳೆದಳು.

"ಬ್ಯಾಡ, ಚಿನ್ನಾ. ಉಸುರು ಬಿಡು. ಅಳು, ಒದರು, ಭಾಂಡೆ ಎಸಿ, ಏನರ ಮಾಡು!" ಪ್ರಣತಿ ಮಗಳ ಎರಡೂ ಭುಜ ಹಿಡಿದುಕೊಂಡಳು.

ದ್ಯಾಮವ್ವ ಒಂದು ಕಣ್ಣನ್ನಷ್ಟೇ ತೆರೆದು, ಅವ್ವನ ತೋಳಿನ ಆಚೆಗೆ ಇಣುಕಿ, ಫೋನು ಬೆಳಗಿತೇ ಎಂದು ನೋಡಿದಳು.

ಇದೆಲ್ಲ ಆಗುವುದಕ್ಕೆ ಇನ್ನೂ ಮೂರು ದಶಕ ಇದೆ. ತಾಯಿಗಣ್ಣನ್ನು ಕಂಡುಹಿಡಿಯಬೇಕಾದ ಪ್ರಣತಿಗೆ ಈಗಿನ್ನೂ ಹಾಲುಹಲ್ಲು. ಹುಬ್ಬಳ್ಳಿಯ ಯಾವುದೋ ಓಣಿಯ ಮನೆಯಲ್ಲಿ, ಓದುಗರ ಪಕ್ಕದ ಮನೆಯೇ ಇದ್ದರೂ ಇರಬಹುದು, ಸೋಫಾದ ತುದಿಯಲ್ಲಿ ಕಾಲು ಇಳಿಬಿಟ್ಟು, ಅಪ್ಪ ಅವ್ವ ತಲೆ ಎತ್ತಲೆಂದು ಸದ್ದಿಲ್ಲದೆ ಕಾಯುತ್ತ ಕೂತಿದ್ದಾಳೆ.