ಸೇತುವೆಯ ಆ ತುದಿಯಲ್ಲಿ ಆಂಜ್

ಗಾಳಿ ಜೋರಾಗಿತ್ತೆಂದು ಕೋಟೆಯಿಂದ ಮ್ಯೂಸಿಯಂನ ತಾರಸಿಗೆ ಹೋಗುವ ಕಾಲುಸೇತುವೆಯನ್ನು ಮುಚ್ಚಿಬಿಟ್ಟಿದ್ದರು. ಶುಷಾನ್ ಸರಪಳಿಯ ಈಚೆ ನಿಂತಿದ್ದಳು. ಆಂಜ್ ಆ ತುದಿಯಲ್ಲಿದ್ದ. ಕೆಳಗೆ ನೊರೆಯೆದ್ದ ಕಡಲು.

ಮೂರು ವರ್ಷದ ಮೇಲೆ ಅವನನ್ನು ಕಾಣುತ್ತಿದ್ದಳು. ಅಷ್ಟು ದೂರದಿಂದ ಮುಖ ತಿಳಿಯುತ್ತಿರಲಿಲ್ಲ. ಆದರೆ ಎಡಗೈ ಜೇಬಿಗಿಳಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಆ ರೀತಿಯೇ ಗುರುತಿಗೆ ಸಾಕಾಗಿತ್ತು.

"ಅಕ್ಕಾ, ಎರಡೇ ನಿಮಿಷ. ಓಡಿ ಹೋಗಿಬಿಡ್ತೀನಿ," ಎಂದಳು ಕಾವಲಿನ ಹೆಂಗಸಿಗೆ.

ಆಕೆಯ ಅಂಗಿಯ ಮೇಲೆ ಝೈನಾಬಾ ಎಂದು ಬರೆದಿತ್ತು. "ಓಡೋದಲ್ಲ, ಹಾರಿ ಹೋಗ್ತೀಯ. ಯಾರು ಅವನು, ಗಂಡನಾ?"

"ಅಲ್ಲ."

"ಅದೇ ಅಂದ್ಕೊಂಡೆ. ಗಂಡನಿಗೋಸ್ಕರ ಯಾರು ಇಷ್ಟು ಒದ್ದಾಡ್ತಾರೆ!"

ಶುಷಾನ್‌ಗೆ ನಗು ಬರಲಿಲ್ಲ. ಅವನ ನಂಬರನ್ನು ಮೂರು ವರ್ಷದ ಹಿಂದೆಯೇ ಸಿಟ್ಟಿನಲ್ಲಿ ಅಳಿಸಿ ಹಾಕಿದ್ದಳು. ಈಗ ಅವನು ಕೆಲಸ ಮಾಡುವ ಹಡಗಿನ ಕಂಪನಿಯ ವಿಳಾಸಕ್ಕೆ ಕಾಗದ ಬರೆದು ಕರೆದಿದ್ದಳು. ಉತ್ತರವಾಗಿ ಬಂದದ್ದು ಒಂದೇ ಸಾಲು: 'ಭಾನುವಾರ ಎರಡು ಗಂಟೆ, ಮ್ಯೂಸಿಯಂ ಸೇತುವೆ ಹತ್ತಿರ. ಐದಕ್ಕೆ ನನ್ನ ಹಡಗು.'

ಆಂಜ್‌ನ ಮೀನು ದೋಣಿಯಲ್ಲಿ ಆಗ, ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ ಅವಳ ತಮ್ಮ ವರೂಜ್ ಎರಡು ಬೆರಳು ಕಳೆದುಕೊಂಡಿದ್ದ. ತಪ್ಪು ನನ್ನದೇ ಎಂದಿದ್ದ ಆಂಜ್. "ಇನ್ನು ನನ್ನ ಕಣ್ಣಿಗೆ ಬೀಳಬೇಡ," ಎಂದು ಆಸ್ಪತ್ರೆಯಲ್ಲಿ ಎಲ್ಲರೆದುರು ಕೂಗಿದ್ದಳು ಇವಳು. ಅವನು ದೋಣಿ ಮಾರಿ, ಕಾರ್ಸಿಕಾಗೆ ಹೋಗುವ ಹಡಗಿನ ಎಂಜಿನ್ ಕೋಣೆ ಸೇರಿದ. ಹೋದ ತಿಂಗಳು ವರೂಜ್ ಊಟದ ನಡುವೆ ಚಮಚ ಕೆಳಗಿಟ್ಟು ಅತ್ತುಬಿಟ್ಟ. "ಯಂತ್ರ ಚಾಲೂ ಮಾಡಿದ್ದು ನಾನೇ ಕಣೇ. ಕುಡಿದಿದ್ದೆ. ಅಪ್ಪನಿಗೆ ಗೊತ್ತಾದ್ರೆ ಮನೆಯಿಂದ ಓಡಿಸ್ತಾರೆ ಅಂತ ಆಂಜ್ ಕಾಲು ಹಿಡ್ಕೊಂಡಿದ್ದೆ."

ಝೈನಾಬಾ ಅವಳ ಮುಖ ನೋಡಿ ವಾಕಿಟಾಕಿ ತೆಗೆದಳು. "ಪಾಸ್ಕಲ್, ನಿನ್ನ ಪಕ್ಕದಲ್ಲಿ ನೀಲಿ ಜಾಕೆಟ್‌ನೋನು ಇದಾನಲ್ಲ, ಅವನಿಗೆ ಅಲ್ಲೇ ಇರೋಕೆ ಹೇಳು. ಇಲ್ಲೊಬ್ಬಳ ಜೀವ ಬಾಯಿಗೆ ಬಂದಿದೆ."

ಗರಗರ ಸದ್ದು. "ಏನು ವಿಷಯ ಅಂತ ಕೇಳ್ತಿದಾನೆ."

"ವರೂಜ್ ಎಲ್ಲಾ ಹೇಳಿದ ಅಂತ ಹೇಳಿ," ಎಂದಳು ಶುಷಾನ್.

ಆ ತುದಿಯಲ್ಲಿ ಅವನ ಕೈ ಜೇಬಿನಿಂದ ಹೊರಬಂದು ಕಂಬಿ ಹಿಡಿಯಿತು. ಮರುಕ್ಷಣ ಅವನು ಅಲ್ಲಿರಲಿಲ್ಲ.

"ಮಾತೇ ಆಡ್ಲಿಲ್ಲ ಕಣೇ," ಎಂದಿತು ವಾಕಿಟಾಕಿ. "ಹೊರಟೇ ಹೋದ."

ಶುಷಾನ್ ಓಡಿದಳು. ಕೋಟೆಯ ಮೆಟ್ಟಿಲಿಳಿದು, ಧಕ್ಕೆಯನ್ನು ಸುತ್ತಿ, ಬ್ಯಾಗ್ ತಪಾಸಣೆಯ ಸಾಲಿನಲ್ಲಿ ಚಡಪಡಿಸಿ, ಜಾಲರಿ ಗೋಡೆಯ ಪಕ್ಕದ ಇಳಿಜಾರು ದಾರಿಯನ್ನು ಏದುಸಿರಿನಲ್ಲಿ ಹತ್ತಿ ತಾರಸಿ ಮುಟ್ಟಿದಳು. ಅಲ್ಲಿ ದಪ್ಪ ಮೀಸೆಯ ಪಾಸ್ಕಲ್ ಒಬ್ಬನೇ ಇದ್ದ. ಹೋಗಿಬಿಟ್ಟ. ತಾನೂ ಅವನನ್ನು ಹೀಗೇ, ಮಾತು ಕೇಳದೆ ಕಳಿಸಿದ್ದಳಲ್ಲ.

ಅಷ್ಟರಲ್ಲಿ ವಾಕಿಟಾಕಿ ಕಿರುಚಿತು. "ಪಾಸ್ಕಲ್! ನೀಲಿ ಜಾಕೆಟ್ ಹಿಂದಿನ ದಾರೀಲಿ ಇಲ್ಲಿಗೆ ಬಂದಿದೆ! ಆ ಹುಡುಗೀನ ಹಿಡ್ಕೋ, ಬಿಡಬೇಡ!"

ಶುಷಾನ್ ತಿರುಗಿ ನೋಡಿದಳು. ಕೋಟೆಯ ಕಡೆ, ಸರಪಳಿಯ ಹಿಂದೆ, ಆಂಜ್ ಎರಡೂ ಕೈಯನ್ನು ಮೊಣಕಾಲಿಗೆ ಊರಿ ಉಸಿರು ಬಿಡುತ್ತಿದ್ದ.

"ದಯವಿಟ್ಟು ಒಬ್ರಾದ್ರೂ ಒಂದ್ಕಡೆ ನಿಂತ್ಕೊಳ್ಳಿ," ಎಂದ ಪಾಸ್ಕಲ್. "ಕೆಳಗಡೆ ಹರಕೆ ಹಡಗುಗಳ ಹತ್ರ ಇರು ತಾಯಿ, ಅವನನ್ನ ಕಳಿಸ್ತೀವಿ."

ಕಡಲಿನಿಂದ ಬದುಕಿ ಬಂದವರು ಚರ್ಚಿಗೆ ಒಪ್ಪಿಸಿದ್ದ ಪುಟ್ಟ ಮರದ ಹಡಗುಗಳು ಕೆಳಮಹಡಿಯ ಗಾಜಿನೊಳಗೆ ತೂಗುತ್ತಿದ್ದವು. ಅವಳು ಒಂದನ್ನೂ ನೋಡಲಿಲ್ಲ. ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡುತ್ತಿದ್ದಳು.

ಅವನು ಬಂದ. ಕೂದಲೆಲ್ಲ ಕೆದರಿತ್ತು.

"ವರೂಜ್ ಕೈ ಹೇಗಿದೆ?" ಅದು ಅವನ ಮೊದಲ ಮಾತು.

"ಮೂರೇ ಬೆರಳಲ್ಲಿ ಇಸ್ಪೀಟಲ್ಲಿ ಎಲ್ಲರನ್ನೂ ಸೋಲಿಸ್ತಾನೆ," ಎಂದಳು. "ನಂಗ್ಯಾಕೆ ಹೇಳಲಿಲ್ಲ, ಆಂಜ್?"

"ನೀನು ಕೇಳಲಿಲ್ಲ." ದನಿ ಏರಲಿಲ್ಲ, ಅದಕ್ಕೇ ಚುಚ್ಚಿತು. "ಬೇರೆಯವರು ಬೈದಿದ್ದಕ್ಕೆ ಬೇಜಾರಿರಲಿಲ್ಲ. ನೀನಾದ್ರೂ ಏನಾಯ್ತು ಅಂತ ಒಂದು ಸಲ ಕೇಳ್ತೀಯ ಅಂತ ಕಾಯ್ತಿದ್ದೆ. ಕೇಳಿದ್ರೆ ನಿನ್ನ ಹತ್ರ ಬಾಯಿ ಬಿಟ್ಟುಬಿಡ್ತಿದ್ದೆ."

"ತಪ್ಪಾಯ್ತು," ಎಂದಳು.

ಅವನು ಗಾಜಿನ ಕಡೆ ತಿರುಗಿದ. ಆಮೇಲೆ, "ನಿನ್ನ ಕಾಗದ ಹರಿದು ಹಾಕ್ದೆ," ಎಂದ.

"ಒಳ್ಳೇದೇ ಮಾಡ್ದೆ."

"ನಾಲ್ಕು ಚೂರು. ಆಮೇಲೆ ಟೇಪ್ ಹುಡುಕೋಕೆ ಹಡಗೆಲ್ಲ ಸುತ್ತಿದೆ." ಅವನ ಕಣ್ಣು ಗಾಜಿನಲ್ಲಿದ್ದ ಅವಳ ಪ್ರತಿಬಿಂಬವನ್ನು ಕಳ್ಳತನದಿಂದ ನೋಡಿತು. ತುಟಿಯ ಅಂಚು ಅಲುಗಿತು.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ವರೂಜ್ ನಿನ್ನೆ ಅಪ್ಪನಿಗೂ ಹೇಳಿದ. ಅಪ್ಪ ಒಂದು ಗಂಟೆ ಬಾಲ್ಕನೀಲಿ ಕೂತಿದ್ರು. ಆಮೇಲೆ, ಆ ಹುಡುಗನ್ನ ಊಟಕ್ಕೆ ಕರಿ ಅಂದ್ರು."

"ನಿಮ್ಮಪ್ಪ ಕರೆದಿದ್ದು ಸರಿ. ನೀನು?"

ಅವಳು ಹತ್ತಿರ ಹೋಗಿ ಅವನ ಕೈ ಹಿಡಿದಳು. ಎಣ್ಣೆಯ ಕಲೆ ಉಗುರಿನ ಸಂದಿಗೆಲ್ಲ ಇಳಿದಿತ್ತು.

"ಆವತ್ತು ಏನಾಯ್ತು, ಆಂಜ್?"

"ಗೊತ್ತಲ್ಲ ನಿಂಗೆ."

"ನೀನು ಹೇಳು. ನಂಗೆ ನಿನ್ನ ಬಾಯಿಂದ ಕೇಳಬೇಕು."

ಅವನು ಅವಳನ್ನೇ ನೋಡಿದ. "ಬೆಳಗ್ಗೆ ಐದಕ್ಕೆ ದೋಣಿ ಬಿಟ್ವಿ," ಎಂದು ಶುರುಮಾಡಿದ.

ಹಡಗುಕಟ್ಟೆಯವರೆಗೂ, ಎದುರು ಗಾಳಿಗೆ ತಲೆ ಬಗ್ಗಿಸಿ, ಅವನು ಹೇಳುತ್ತಲೇ ಹೋದ. ಅವಳು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.