ಆರು ಮಾದರಿಗಳ ಕಪ್ಪು ಕಲೆ

ಬೆಳಿಗ್ಗೆ ಒಂಬತ್ತಕ್ಕೆ ಅಪ್ಪನ ಜೊತೆ ಬಂದು ಅಂಗಡಿಯ ಷಟರ್ ಎತ್ತಿದ ರಶ್ಮಿ ಎರಡು ಹೆಜ್ಜೆ ಒಳಗಿಟ್ಟು ಅಲ್ಲೇ ನಿಂತಳು. ಹಲಗೆಯ ಮೇಲೆ ಸಾಲಾಗಿ ಆರು ಹೋಲ್‌ಸ್ಟರ್‌ಗಳು, ಅಂದರೆ ಪಿಸ್ತೂಲು ಇಟ್ಟು ಸೊಂಟಕ್ಕೆ ಕಟ್ಟುವ ಚರ್ಮದ ಒರೆಗಳು. ಹಿಂದಿನ ಸಂಜೆ ಅವು ಜೇನಿನ ಬಣ್ಣಕ್ಕಿದ್ದವು. ಈಗ ಆರಕ್ಕೆ ಆರರ ಮೇಲೂ ಕಪ್ಪು ಕಲೆ. ಸಂಜೆ ನಾಲ್ಕಕ್ಕೆ ಗಿರಾಕಿ ಬರುವವನಿದ್ದ.

ಒಂಬತ್ತೂವರೆಗೆ ಠಾಣೆಗೆ ಫೋನ್. ಒಂಬತ್ತು ಮುಕ್ಕಾಲಿಗೆ ನಾವು ಅಲ್ಲಿ. ನಾವು ಅಂದರೆ ಸಬ್ ಇನ್‌ಸ್ಪೆಕ್ಟರ್ ಶೈಲಾ ಮೇಡಂ, ಮತ್ತು ಹೆಡ್ ಕಾನ್‌ಸ್ಟೇಬಲ್ ಕಾಶಿನಾಥ, ಅಂದರೆ ನಾನು. ನನ್ನ ಉಪ್ಪಿಟ್ಟು ಠಾಣೆಯ ಮೇಜಿನ ಮೇಲೆ ಆರುತ್ತಿತ್ತು. ಯಾರಿಗೂ ಅದರ ಚಿಂತೆ ಇರಲಿಲ್ಲ.

ಅಂಗಡಿ ಸಿಕಂದರಾಬಾದಿನ ಕಂಟೋನ್ಮೆಂಟಿಗೆ ಹತ್ತಿದ ಒಂದು ಗಲ್ಲಿಯಲ್ಲಿದೆ. ಮಾಲೀಕರು ಶಾಂತಪ್ಪ, ಯಾದಗಿರಿ ಕಡೆಯವರು, ಇಲ್ಲಿಗೆ ಬಂದು ನಲವತ್ತು ವರ್ಷ. ಲೈಸೆನ್ಸ್ ಇರುವ ಗಿರಾಕಿ ತನ್ನ ಪಿಸ್ತೂಲು ತರಬೇಕು. ಶಾಂತಪ್ಪ ಅಳತೆ ತೆಗೆದು, ಅದರದೇ ಕಟ್ಟಿಗೆಯ ಅಚ್ಚು ಕೆತ್ತಿ, ಹಸಿ ಚರ್ಮವನ್ನು ಅದರ ಮೇಲೆ ಒತ್ತಿ ಆರಿಸಿ ಹೊಲಿಯಬೇಕು. ಒಂದು ಪಿಸ್ತೂಲಿಗೆ ಒಂದೇ ಒರೆ. ಈಗ ಅಂಥ ಗಿರಾಕಿಗಳು ತಿಂಗಳಿಗೆ ಇಬ್ಬರೋ ಮೂವರೋ. ಚರ್ಮದ ಡಿಪ್ಲೊಮಾ ಓದಿದ ಮಗಳು ರಶ್ಮಿ ಎರಡು ವರ್ಷ ಹಟ ಹಿಡಿದು ಅಪ್ಪನನ್ನು ರೆಡಿಮೇಡ್ ದಾರಿಗೆ ತಂದಿದ್ದಳು. ಈ ಆರು ಆ ದಾರಿಯ ಮೊದಲ ಮಾದರಿಗಳು.

“ಇವತ್ತ ಮಾದರಿ ಪಾಸಾಗಲಿಲ್ಲಂದ್ರ ಅಂಗಡಿ ಮುಚ್ಚೂದ ಐತ್ರಿ ಮೇಡಂ,” ಅಂದಳು ರಶ್ಮಿ. “ಸೆಕ್ಯೂರಿಟಿ ಗಾರ್ಡುಗಳಿಗೆ ಸಾಮಾನು ಒದಗಿಸೋ ವೈಭವ ಅಂತ, ದಿಲ್‌ಸುಖ್‌ನಗರದಾಗ ಅವರ ಗೋಡೌನ್ ಐತಿ. ಮಾದರಿ ಕೇಳಿದವರು ಅವರೊಬ್ಬರ. ನಾಳೆ ಬರ್ರಿ ಅಂದ್ರ ಕಾನ್ಪುರದ ಮಾಲಿಗೆ ಹೋಗಿಬಿಡ್ತಾರ.”

ಶೈಲಾ ಮೇಡಂ ಕೈಗಡಿಯಾರ ನೋಡಿಕೊಂಡರು. ಅವರ ಕಣ್ಣು ಅರಳಿತ್ತು. ಇಂಥ ಕಣ್ಣು ಕಂಡರೆ ನನಗೆ ಗೊತ್ತು, ಮಧ್ಯಾಹ್ನದ ಊಟವೂ ಹೋಯಿತು ಅಂತ.

“ಬೀಗ?”

“ಒಡದಿಲ್ರಿ. ಕೀಲಿ ಮೂರು. ಅಪ್ಪನ ಹತ್ರ ಒಂದು, ನನ್ನ ಹತ್ರ ಒಂದು, ಮಲ್ಲಣ್ಣ ಕಾಕಾನ ಹತ್ರ ಒಂದು.”

“ಶಾಂತಪ್ಪನವರ, ನೀವೇನಂತೀರಿ?”

ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಶಾಂತಪ್ಪ ತಲೆ ಎತ್ತಲಿಲ್ಲ. “ಒಂಬತ್ತಕ್ಕ ಮಗಳ ಜೋಡಿನ ಬಂದೀನ್ರಿ. ಆರೂ ಎತ್ತಿ ನೋಡೀನಿ. ಯಾರೋ ಶಾಯಿ ಚೆಲ್ಯಾರ. ಕೆಟ್ಟು ಹೋಗ್ಯಾವ. ಬಿಡ್ರಿ, ನಮ್ಮ ನಸೀಬು.”

* * *

ಶಾಯಿ ಅಂದಕೂಡಲೇ ರಶ್ಮಿಯ ಬೆರಳು ಗೋಡೆಯ ಕಡೆ ತಿರುಗಿತು. ಪಕ್ಕದ ಅಂಗಡಿ ಶಿವಶರಣಪ್ಪನದು. ಲಗ್ನಪತ್ರಿಕೆ ಅಚ್ಚು ಹಾಕುವವನು. ಒಳಗೆ ಡಬ್ಬಿಗಟ್ಟಲೆ ಕಪ್ಪು ಶಾಯಿ. ಗಾಡಿ ನಿಲ್ಲಿಸುವ ಜಾಗಕ್ಕೆ ಇವರಿಗೂ ಅವನಿಗೂ ಮೂರು ವರ್ಷದ ಜಗಳ. ಹಿಂಬದಿಯ ಬಚ್ಚಲು ಎರಡೂ ಅಂಗಡಿಗೆ ಒಂದೇ, ಅಲ್ಲಿಂದ ಒಳಗೆ ಬರಬಹುದು.

ನನಗೆ ಖುಷಿಯಾಯಿತು. ಹತ್ತು ಗಂಟೆಗೇ ಕೇಸು ಮುಗಿದರೆ ಉಪ್ಪಿಟ್ಟು ಬಿಸಿ ಮಾಡಿಸಬಹುದು. ನಾನು ನುಗ್ಗಿದೆ. ಶಿವಶರಣಪ್ಪ ಲುಂಗಿ ಕಟ್ಟಿಕೊಳ್ಳುತ್ತ ಎದ್ದು ನಿಂತ.

“ನಾ ಯಾಕ ಮಾಡ್ಲಿ ಸಾಹೇಬ್ರ? ಅವರ ಅಂಗಡಿ ನಡದ್ರ ನನಗೂ ಡಬ್ಬಿ ಮ್ಯಾಲಿನ ಲೇಬಲ್ ಕೆಲಸ ಬರ್ತೈತಿ. ಆ ಹುಡುಗಿ ಮಾತಾಡ್ಯಾಳ ಕೇಳ್ರಿ.”

ನನ್ನ ಹಿಂದೆಯೇ ಬಂದಿದ್ದ ರಶ್ಮಿ ನೆಲ ನೋಡಿದಳು. ಮಾತಾಡಿದ್ದು ಹೌದಂತೆ. ಸಿಟ್ಟಿನಲ್ಲಿ ಮರೆತಿದ್ದಳಂತೆ.

ಮೇಡಂ ಅವನ ಶಾಯಿಯ ನಾಲ್ಕು ಹನಿ ಕೇಳಿ ತಂದರು. ರಶ್ಮಿಯಿಂದ ಅದೇ ಚರ್ಮದ ಒಂದು ತುಂಡು ಪಡೆದು, ಆ ಒರೆಗಳಂತೆಯೇ ಒದ್ದೆ ಮಾಡಿ, ಹನಿ ಹಾಕಿದರು. ಶಾಯಿ ಮೇಲೆಯೇ ನಿಂತಿತು. ಬಟ್ಟೆಯಿಂದ ಒರೆಸಿದರೆ ಬಳಿದುಕೊಂಡು ಹೋಯಿತು. ಒರೆಗಳ ಮೇಲಿನ ಕಲೆಗಳನ್ನು ಒರೆಸಿದರೆ ಬಟ್ಟೆ ಕೊಂಚ ಕಪ್ಪಾಯಿತು, ಕಲೆ ಒಂದೂ ಅಲುಗಲಿಲ್ಲ. ಒಳಗಿನಿಂದಲೇ ಹುಟ್ಟಿದ ಹಾಗೆ ಕೂತಿದ್ದವು, ನೀಲಿ ಮಿಶ್ರಿತ ಕಪ್ಪು.

“ಶಾಯಿ ಅಲ್ಲ ಕಾಶಿನಾಥ.”

“ಮತ್ತೇನ್ರಿ?”

ಆಗಲೇ ಬಾಗಿಲಲ್ಲಿ ಮಲ್ಲಣ್ಣ ಬಂದು ನಿಂತದ್ದು. ಐವತ್ತರ ಆಳು, ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೆಲಸ. ಲಿಂಗಂಪಲ್ಲಿಯಿಂದ ಬರುವ ಲೋಕಲ್ ರೈಲು ತಡವಾಗಿತ್ತಂತೆ. ಪೊಲೀಸರನ್ನು ಕಂಡು ಒಂದು ಕ್ಷಣ ಹಿಂಜರಿದ. ಹಲಗೆ ಕಂಡು ಓಡಿಬಂದ. ಒಂದು ಒರೆ ಎತ್ತಿ ಹೆಬ್ಬೆರಳಿನಿಂದ ಉಜ್ಜಿ ನೋಡಿದ.

“ಅಯ್ಯೋ, ಇದು ಕಬ್ಬಿಣದ ಕಲೆ,” ಅಂದ.

“ಕಾಕಾ, ನಿನಗ ಹೆಂಗ ಗೊತ್ತು?” ರಶ್ಮಿಯ ದನಿ ಏರಿತು. “ಮೇಡಂ, ಕೇಳ್ರಿ. ಬಂದು ಒಂದು ನಿಮಿಷ ಆಗಿಲ್ಲ. ಕೀಲಿ ಇವನ ಹತ್ರ ಐತಿ. ಹೋದ ವಾರ ನನ್ನ ಮುಂದನ ಹೇಳ್ಯಾನ, ಈ ರೆಡಿಮೇಡ್ ಮಾಲಿಗೆ ನಾ ಕೈ ಹಚ್ಚೂದಿಲ್ಲ ಅಂತ.”

“ಅಂದೀನಿ,” ಅಂದ ಮಲ್ಲಣ್ಣ. “ಅಂದ್ರೇನು ತಪ್ಪು? ಆದ್ರ ಕೈ ಹಚ್ಚೀನಲ್ಲ. ಇದರಾಗ ಮೂರು ನಾನ ಹೊಲದೀನಿ.”

ನಾನು ಅವನ ಕೈ ಹಿಡಿದು ತಿರುಗಿಸಿದೆ. ಬೆರಳ ತುದಿಗಳು ಆಗಲೇ ಕಪ್ಪಗಾಗಿದ್ದವು. ಮೇಡಂ ಮುಖ ನೋಡಿದೆ, ಶಹಬ್ಬಾಸ್ ಸಿಗುತ್ತದೆ ಅಂತ. ಅವರು ರಶ್ಮಿಯ ಕೈ ತೋರಿಸಿದರು. ಅವಳ ಬೆರಳುಗಳೂ ಕಪ್ಪು.

“ಮುಟ್ಟಿದವರಿಗೆಲ್ಲ ಹತ್ತತೈತಿ,” ಅಂದರು. “ಅದರಿಂದ ಏನೂ ಸಿದ್ಧ ಆಗೂದಿಲ್ಲ.”

* * *

ಮುಂದಿನ ಅರ್ಧ ಗಂಟೆ ನಾನು ಮರೆಯುವುದಿಲ್ಲ. ಮೇಡಂ ರಶ್ಮಿಯ ಡಬ್ಬಿಯಿಂದ ಅಯಸ್ಕಾಂತದ ಗುಂಡಿಯೊಂದನ್ನು ತೆಗೆದುಕೊಂಡರು. ಒರೆಯ ಬಾಯಿ ಮುಚ್ಚಲು ಹಾಕುವ ಗುಂಡಿ ಅದು. ಅದನ್ನು ಕಲೆಗಳ ಮೇಲೆ ಮೆಲ್ಲಗೆ ಸವರಿದರು. ತಿರುಗಿಸಿ ನೋಡಿದರೆ ಗುಂಡಿಗೆ ಗಡ್ಡ ಬಂದಿತ್ತು. ಸಣ್ಣ ಸಣ್ಣ ಕಬ್ಬಿಣದ ಪುಡಿ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದ್ದು ನೋಡಿರಲಿಲ್ಲ.

“ಮಲ್ಲಣ್ಣ, ಬಿಡಿಸಿ ಹೇಳ್ರಿ.”

“ಈ ಚರ್ಮ ತೊಗಟೆ ಹಾಕಿ ಹದ ಮಾಡಿದ್ದು ನೋಡ್ರಿ. ಹಸಿ ಇದ್ದಾಗ ಕಬ್ಬಿಣ ತಾಗಿದ್ರ ಕಪ್ಪಾಗತೈತಿ. ಅದಕ್ಕ ನಾವು ಹಸಿ ಚರ್ಮದ ಹತ್ರ ಮೊಳೆ ಸುದ್ಧಾ ಇಡೂದಿಲ್ಲ. ಅಚ್ಚು ಕಟ್ಟಿಗೀದು, ಇಲ್ಲಾ ಅಲ್ಯುಮಿನಿಯಂದು.”

“ಪುಡಿ ಎಲ್ಲಿಂದ ಬಂತು?”

ಮಲ್ಲಣ್ಣ ಹಿಂಬದಿ ತೋರಿಸಿದ. ಚರ್ಮ ಕೊಯ್ಯುವ ರಾಂಪಿಗೆ ಸಾಣೆ ಹಿಡಿಯುವ ಚಕ್ರ ಅಲ್ಲಿತ್ತು. ಸುತ್ತ ಬೆರಳು ದಪ್ಪ ಧೂಳು. ಚಕ್ರದ ಕೆಳಗಿನ ತಗಡಿನ ತಟ್ಟೆ ಮಾತ್ರ ಸ್ವಚ್ಛ. ತಿಂಗಳುಗಟ್ಟಲೆ ಬಿದ್ದ ಪುಡಿಯನ್ನು ಯಾರೋ ಬಳಿದುಕೊಂಡಿದ್ದರು.

“ಈ ಕಲೆ ಹೋಗತೈತೇನು?”

“ಇವತ್ತ ಹಿಡದ್ರ ಹೋಗತೈತ್ರಿ. ಪುಡಿ ತಗದು ನಿಂಬಿ ರಸ ಹಚ್ಚಬೇಕು.”

ರಶ್ಮಿ ಬಾಯಿ ತೆರೆದಳು. ಮೇಡಂ ಕೈ ಎತ್ತಿ ತಡೆದರು. “ಇದನ್ನೆಲ್ಲ ನಿಮಗ ಕಲಿಸಿದವರು ಯಾರು ಮಲ್ಲಣ್ಣ?”

“ಮತ್ತ್ಯಾರು? ನಮ್ಮ ಉಸ್ತಾದ್. ಇವರ.”

ಅವನು ಶಾಂತಪ್ಪನ ಕಡೆ ಕೈ ಮಾಡಿದ. ಶಾಂತಪ್ಪ ಗೋಡೆ ನೋಡುತ್ತಿದ್ದರು.

ಮೇಡಂ ಹೊರಗೆ ಹೋದರು. ಷಟರಿನ ಮುಂದೆ ತಲೆ ಎತ್ತಿ ನಿಂತರು. ಅಂಗಡಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ ದಾರ ನೇತಾಡುತ್ತಿತ್ತು.

“ಇದನ್ನ ಯಾವಾಗ ಕಟ್ಟಿದ್ರಿ ರಶ್ಮಿ?”

“ನಿನ್ನೆ ಸಂಜಿ, ಬೀಗ ಹಾಕೂ ಮುಂದ. ಇವತ್ತ ದೊಡ್ಡ ದಿನ ಅಂತ ನಾನ ಕಟ್ಟೀನ್ರಿ. ಏಳು ಮೆಣಸಿನಕಾಯಿ, ಒಂದು ನಿಂಬಿಹಣ್ಣು.”

ನಾನು ಎಣಿಸಿದೆ. ಮೆಣಸಿನಕಾಯಿ ಏಳು. ನಿಂಬೆಹಣ್ಣು ಇರಲಿಲ್ಲ.

* * *

ಗಂಟೆ ಹನ್ನೊಂದಾಗಿತ್ತು. ಮೇಡಂ ಒಳಗೆ ಬಂದು ಗಟ್ಟಿಯಾಗಿ ಹೇಳಿದರು: “ಕಾಶಿನಾಥ, ಮಲ್ಲಣ್ಣನ್ನ ಜೀಪಿನಾಗ ಕೂಡಸು.”

ನಾನು ಬೆಪ್ಪಾದೆ. ಆದರೂ ಅಪ್ಪಣೆ ಅಪ್ಪಣೆ. ಮಲ್ಲಣ್ಣನ ರಟ್ಟೆ ಹಿಡಿದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಉಸ್ತಾದರ ಕಡೆ ಒಮ್ಮೆ ನೋಡಿದ, ಅಷ್ಟೇ. ನನಗೂ ಒಂಥರಾ ಆಯಿತು.

ಬಾಗಿಲು ದಾಟುವಷ್ಟರಲ್ಲಿ ಹಿಂದೆ ಸ್ಟೂಲು ಉರುಳಿದ ಸದ್ದು.

“ಬಿಡ್ರಿ ಅವನ್ನ,” ಅಂದರು ಶಾಂತಪ್ಪ. “ಅವನದೇನೂ ಇಲ್ಲ. ನಾ ಮಾಡೀನಿ.”

ರಶ್ಮಿ ಅಪ್ಪನನ್ನು ನೋಡಿದಳು.

“ಗೊತ್ತಿತ್ತು,” ಅಂದರು ಮೇಡಂ, ಈಗ ಮೆತ್ತಗೆ. “ನಿಮ್ಮ ಬಾಯಿಂದನ ಬರಲಿ ಅಂತ ಕಾದೆ. ಮಲ್ಲಣ್ಣ, ತಪ್ಪು ತಿಳೀಬ್ಯಾಡ್ರಿ.”

ಆಮೇಲೆ ಒಂದೊಂದಾಗಿ ಬಿಚ್ಚಿಟ್ಟರು. ಕಬ್ಬಿಣದ ಕಲೆಯನ್ನು ಕಂಡು ಶಿಷ್ಯ ಒಂದೇ ನಿಮಿಷದಲ್ಲಿ ಗುರುತಿಸಿದ. ಅವನಿಗೆ ಕಲಿಸಿದ ಗುರು ಅದನ್ನು ಶಾಯಿ ಅಂದರು. ಮಾಡಿದವನು ಮಲ್ಲಣ್ಣನಾಗಿದ್ದರೆ ಕಬ್ಬಿಣದ ಹೆಸರೇ ಎತ್ತುತ್ತಿರಲಿಲ್ಲ, ತಾನೂ ಶಾಯಿಯೇ ಅಂದುಬಿಡುತ್ತಿದ್ದ. ಎರಡನೆಯದು ಬೆರಳು. ಮುಟ್ಟಿದ ರಶ್ಮಿಯ ಬೆರಳು ಕಪ್ಪು, ಮಲ್ಲಣ್ಣನ ಬೆರಳು ಕಪ್ಪು. ಆರನ್ನೂ ಎತ್ತಿ ನೋಡಿದೆ ಅಂದ ಶಾಂತಪ್ಪನವರ ಬೆರಳು ಮಾತ್ರ ಬೆಳ್ಳಗೆ. ಒಂಬತ್ತಕ್ಕೆ ಅವರು ಮುಟ್ಟಿಯೇ ಇರಲಿಲ್ಲ, ಮುಟ್ಟುವ ಕೆಲಸ ಅದಕ್ಕೂ ಮೊದಲೇ ಮುಗಿದಿತ್ತು. ಆಗ ಕಪ್ಪಾದ ಕೈ ತೊಳೆಯಲು ನಿಂಬೆ ಬೇಕಾಯಿತು. ಅಷ್ಟು ಬೆಳಿಗ್ಗೆ ಅಂಗಡಿ ಯಾವುದೂ ತೆರೆದಿಲ್ಲ. ದೃಷ್ಟಿಗೆ ಕಟ್ಟಿದ ನಿಂಬೆಹಣ್ಣನ್ನು ಈ ಊರಿನಲ್ಲಿ ಕಳ್ಳನೂ ಮುಟ್ಟುವುದಿಲ್ಲ, ಬಿದ್ದರೆ ದಾಟಿ ಹೋಗಲೂ ಹೆದರುತ್ತಾರೆ. ಅದನ್ನು ಕಿತ್ತವನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಇತ್ತು.

“ಕಡೀದೊಂದು,” ಅಂದರು ಮೇಡಂ. “ಹಗೆ ಇದ್ದವನು ರಾಂಪಿ ತಗೊಂಡು ಕೊಯ್ದು ಹಾಕತಿದ್ದ. ಇಲ್ಲಿ ಒಂದು ಗೀರು ಸುದ್ಧಾ ಇಲ್ಲ. ಮಾಡಿದವರಿಗೆ ಚರ್ಮದ ಮ್ಯಾಲೆ ಮಮತೆ. ಮಗಳ ಕೆಲಸ ನಿಲ್ಲಬೇಕು, ಆದ್ರ ಚರ್ಮ ಸಾಯಬಾರದು. ಯಾಕ್ರಿ ಶಾಂತಪ್ಪನವರ?”

“ಆರಕ್ಕ ಬಂದಿದ್ನಿ,” ಅಂದರು ಶಾಂತಪ್ಪ. “ಹಾಲು ತರ್ತೀನಂತ ಮನ್ಯಾಗ ಸುಳ್ಳ ಹೇಳಿ. ನೀರು ಚಿಮುಕಿಸಿ ಮ್ಯಾಲ ಪುಡಿ ಉದರಸೀನಿ.”

ನಂತರ ನಿಂತಲ್ಲೇ ಹೇಳಿದರು. ಮೂವತ್ತಾರು ವರ್ಷದ ಹಿಂದಿನ ಮಾತು. ಆಗ ಇನ್ನೊಬ್ಬರ ಅಂಗಡಿಯಲ್ಲಿ ಆಳು. ಸಂಗಣ್ಣ ಎಂಬ ಬ್ಯಾಂಕಿನ ಗಾರ್ಡ್ ಅವಸರದಲ್ಲಿ ಬಂದ. ಅಳತೆಗೆ ಟೈಮಿಲ್ಲ ಅಂದ. ಬೇರೆ ರಿವಾಲ್ವರಿಗೆ ಹೊಲಿದ ಒರೆ ಸಿದ್ಧವಿತ್ತು, ಶಾಂತಪ್ಪ ಅದನ್ನೇ ಕೊಟ್ಟರು. ಅರ್ಧ ಬೆರಳು ಸಡಿಲ. ಮೂರನೇ ದಿನ ಬಸ್ಸು ಹತ್ತುವಾಗ ರಿವಾಲ್ವರ್ ಜಾರಿ ಬಿತ್ತು. ಗುಂಡು ಹಾರಿ ಸಂಗಣ್ಣನ ಮೊಣಕಾಲು ಹೋಯಿತು.

“ಆ ಒರೆ ಹೊಲದಾಂವ ನಾ,” ಅಂದರು ಶಾಂತಪ್ಪ. “ಯಾರಿಗೂ ಹೇಳಿಲ್ಲ. ಇಕಿ ಅವ್ವಗೂ ಹೇಳಿಲ್ಲ. ಈಗ ಇಕಿ ಎರಡು ಮಾಡೆಲ್ಲು ಸಡಿಲ ಮಾಡ್ಯಾಳ, ಮೂರು ಥರದ ಪಿಸ್ತೂಲು ಹಿಡೀಲಿ ಅಂತ. ಬ್ಯಾಡ ಅಂದೆ. ಯಾಕ ಅಂತ ಕೇಳಿದ್ಲು. ಹೇಳಾಕ ಬಾಯಿ ಬರಲಿಲ್ಲ.”

ರಶ್ಮಿ ಅಳುತ್ತಿದ್ದಳು. ಸಿಟ್ಟಿಗೋ ದುಃಖಕ್ಕೋ, ಎರಡೂ ಇರಬೇಕು. ಮೊದಲು ಮಲ್ಲಣ್ಣನ ಹತ್ತಿರ ಹೋಗಿ ಅವನ ಕೈ ಹಿಡಿದು ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

“ನಿಂಬಿಹಣ್ಣು ಎಷ್ಟು ಬೇಕಪ್ಪ?”

* * *

ಎರಡು ಡಜನ್ ಬೇಕಾಗಿತ್ತು. ತಂದವನು ಯಾರು ಅಂತ ಬೇರೆ ಹೇಳಬೇಕೇ? ಖಾಕಿ ಹಾಕಿಕೊಂಡು ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿಗೆ ಚೌಕಾಸಿ ಮಾಡಿದ ಹೆಡ್ ಕಾನ್‌ಸ್ಟೇಬಲ್ ಹೈದರಾಬಾದಿನಲ್ಲಿ ನಾನೊಬ್ಬನೇ ಇರಬೇಕು.

ಅಯಸ್ಕಾಂತದಿಂದ ಪುಡಿ ಎತ್ತಿದ್ದು ಮೇಡಂ. ರಸ ಹಿಂಡಿದ್ದು ನಾನು ಮತ್ತು ಶಿವಶರಣಪ್ಪ. ಹಚ್ಚಿದ್ದು ಶಾಂತಪ್ಪ, ಬಟ್ಟೆಯಿಂದ, ಮಗುವಿನ ಮುಖ ಒರೆಸುವಷ್ಟು ನಿಧಾನ. ಕಪ್ಪು ಮೊದಲು ಬೂದಿಯಾಯಿತು, ಆಮೇಲೆ ಮಬ್ಬು ಕಂದು, ಆಮೇಲೆ ನೋಡುತ್ತ ನೋಡುತ್ತ ಜೇನು. ಫ್ಯಾನಿನ ಕೆಳಗೆ ಆರಿಸಿ ಮಲ್ಲಣ್ಣ ಎಣ್ಣೆ ಸವರಿದಾಗ ಮೂರೂಮುಕ್ಕಾಲು. ನಾನು ಮತ್ತೆ ಮತ್ತೆ ಬಾಗಿಲಿಗೆ ಹೋಗಿ ಗಲ್ಲಿ ನೋಡಿ ಬರುತ್ತಿದ್ದೆ, ನನ್ನದೇ ಮಗಳ ಪರೀಕ್ಷೆಯೋ ಎನ್ನುವಂತೆ.

ನಾಲ್ಕಕ್ಕೆ ಸರಿಯಾಗಿ ವೈಭವ ಬಂದ. ತೆಳ್ಳನೆ ಮನುಷ್ಯ, ಮಾತು ಕಮ್ಮಿ. ಆರನ್ನೂ ಮುಟ್ಟಿ ನೋಡಿದ. ಐದನೆಯದನ್ನು ಎತ್ತಿಕೊಂಡ.

“ಇದು ಚಲೋ ಐತಿ. ಮೂರು ಥರದ್ದು ಹಿಡಿಸ್ತದ ಅಂದಿದ್ರಿ. ನನಗ ಮುಖ್ಯ ಬೇಕಾದದ್ದು ಇದ.”

“ಒಂದು ನಿಮಿಷ ತಾಳ್ರಿ,” ಅಂದಳು ರಶ್ಮಿ. “ಅಪ್ಪ, ಝಾಡಿಸಿ ತೋರಸು.”

ಶಾಂತಪ್ಪ ಮಗಳ ಮುಖ ನೋಡಿದರು. ನಂತರ ಅಲ್ಯುಮಿನಿಯಂ ಅಚ್ಚುಗಳನ್ನು ಒಂದೊಂದು ಒರೆಯಲ್ಲಿ ಇಟ್ಟು, ತಲೆಕೆಳಗು ಮಾಡಿ, ಬಲವಾಗಿ ಝಾಡಿಸಿದರು. ಒಂದು, ಎರಡು, ಮೂರು, ನಾಲ್ಕು. ಅಚ್ಚು ಅಲುಗಲಿಲ್ಲ. ಐದನೆಯದರಿಂದ ಜಾರಿ ಠಣ್ ಅಂತ ನೆಲಕ್ಕೆ ಬಿತ್ತು. ಆರನೆಯದರಿಂದಲೂ ಬಿತ್ತು.

“ಈ ಎರಡು ಮಾರೂದಿಲ್ರಿ,” ಅಂದಳು ರಶ್ಮಿ.

“ಇದ ಬೇಕು ಅಂದೆನಲ್ಲ,” ಅಂದ ವೈಭವ. “ಇಲ್ಲಂದ್ರ ನಾ ಕಾನ್ಪುರದವರ ಕಡೆ ಹೋಗಬೇಕಾಗ್ತದ.”

“ಹೋಗ್ರಿ. ಆದ್ರ ಇದನ್ನ ನಾ ಕೊಡೂದಿಲ್ಲ.”

ವೈಭವ ಬಗ್ಗಿ, ನೆಲದ ಮೇಲಿದ್ದ ಅಚ್ಚನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿದ. ಸ್ವಲ್ಪ ಹೊತ್ತು ಶಾಂತಪ್ಪನವರನ್ನೇ ದಿಟ್ಟಿಸಿದ.

“ನಾಕು ಮಾಡೆಲ್ ಕಳಸ್ರಿ,” ಅಂದ. “ಒಂದು ಷರತ್ತು. ಪ್ರತಿ ಒಂದನ್ನೂ ಈ ಹಿರಿಯರ ಹಿಂಗ ಝಾಡಿಸಿ ಕಳಸಬೇಕು.”

ಅವನು ಹೋದ ಮೇಲೆ ಮೇಡಂ ದೂರಿನ ಕಾಗದ ಮುಂದಿಟ್ಟರು. ರಶ್ಮಿ ಅದನ್ನು ವಾಪಸ್ ತೆಗೆದುಕೊಂಡಳು. ಶಾಂತಪ್ಪ ಸ್ಟೂಲಿನ ಮೇಲೆ ಕುಸಿದು ಕುಳಿತಿದ್ದರು.

“ಮೊದಲ ಹೇಳಬೇಕಿತ್ತಪ್ಪ.”

“ಹೇಳಿದ್ರ ನೀ ನನ್ನ ಕೆಲಸ ನಂಬತಿದ್ದಿಲ್ಲ.”

“ಈಗ ಹೇಳೀದಿ,” ಅಂದಳು ರಶ್ಮಿ, ಪಕ್ಕದಲ್ಲಿ ಕುಳಿತು ಅವರ ಕೈಯನ್ನು ತನ್ನ ಕಪ್ಪು ಬೆರಳುಗಳಲ್ಲಿ ಹಿಡಿದುಕೊಂಡು. “ಈಗ ಇನ್ನೂ ನಂಬತೀನಿ.”